ಸೋರೂ ಮಾಳಿಗಿ ಸಿಂಗಲ್ ಆದದ್ದು

ಹ್ವಾದ ತಿಂಗಳ ಒಂದಿನ ಮುಂಜಾನೆ ರೊಟ್ಟಿ ಬಡಿಯಾಕತ್ತಿದ್ದೆ, ಬೆಂಗಳೂರಿಂದ ಮಗಳ ಫೋನು ಬಂತು. "ಅವ್ವಾ, ನಮ್ಮ ಆಫೀಸಿನ ಹುಡುಗೂರು ಒಂದ ಬ್ಯಾಂಡ್ ಕಟ್ಟ್ಯಾರ. ಅವರದೊಂದು ಸಿಂಗಲ್ ರಿಲೀಸ್ ಆಗೇತಿ. ಲಿಂಕ್ ಕಳಿಸೇನಿ, ಕೇಳು" ಅಂದ್ಲು.

"ಸಿಂಗಲ್ ಅಂದ್ರ ಏನವಾ? ಲಗ್ನ ಆಗ್ಲಾರದ ಹುಡುಗೂರೇನ?" ಅಂತ ಕೇಳಿದೆ.

ಅಕಿ ನಕ್ಕ ನಕ್ಕ ಸಾಕಾದ್ಲು. "ಅಲ್ಲಬೇ, ಸಿಂಗಲ್ ಅಂದ್ರ ಒಂದ ಹಾಡು. ಅಲ್ಬಮ್ ಅಂದ್ರ ಹತ್ತ ಹಾಡಿನ ಗಂಟು. ಇವರು ಒಂದ ಹಾಡು ಬಿಟ್ಟಾರ, ಅಷ್ಟ."

"ಎಂಥಾ ಹಾಡು?"

"ಆಲ್ಟರ್ನೇಟಿವ್ ರಾಕ್."

ಹಂಚಿನ ಮ್ಯಾಲಿನ ರೊಟ್ಟಿ ಕರಕಲಾತು. ಫೋನ್ ಇಟ್ಟ ಮ್ಯಾಲ ಆ ಹಾಡು ಕೇಳಿದೆ. ಗಿಟಾರು ಭಾಳ, ಮಾತು ಕಡಿಮಿ. ಚಲೋ ಇತ್ತು ಅನ್ರಿ, ಆದ್ರ ಎರಡನೇ ಸಲ ಕೇಳಬೇಕು ಅನಸಲಿಲ್ಲ. ತಲಿಯಾಗ ಕೂತದ್ದು ಹಾಡಲ್ಲ, ಆ ಮಾತು. ಒಂದ ಹಾಡು "ಬಿಡೂದು". ನಮ್ಮ ಕಡೆ ಹಾಡು ಯಾರೂ ಬಿಡೂದಿಲ್ಲ, ಹಿಡೀತಾರ. "ಭಜನಿ ಹಿಡದ್ರು", "ಪದಾ ಹಿಡದ್ಲು" ಅಂತೀವಲ್ಲ. ನಮ್ಮ ಮನ್ಯಾಗ ಹಿಂದಕ್ಕೊಮ್ಮಿ ಇದ ಹಿಡಿಯೂ ಬಿಡೂ ವಿಷಯಕ್ಕ ಅತ್ತಿಗೂ ಮಗಳಿಗೂ ಸಣ್ಣ ಜಗಳ ಆಗಿತ್ತು. ಅದನ್ನ ಹೇಳಬೇಕಂದ್ರ ಮೊದಲ ಈ ಸಿಂಗಲ್ ಅನ್ನೂದು ಎಲ್ಲಿಂದ ಬಂತು ಅಂತ ಹೇಳಬೇಕಾಕ್ಕೈತಿ. ಕಾಕಿಗೋಳ, ವೈನಿಗೋಳ, ಸ್ವಲ್ಪ ತಡೀರಿ, ನಮ್ಮ ಮಾಳಿಗಿಗೇ ಬರ್ತೀನಿ.

ಮಗಳಂದ ಆ ಆಲ್ಟರ್ನೇಟಿವ್ ಅನ್ನೂದು ಅಮೆರಿಕಾದ ಮಾತು. ದೊಡ್ಡ ಕಂಪನಿಗಳು, ದೊಡ್ಡ ರೇಡಿಯೋಗಳು ಹಿಡದ ಹೆದ್ದಾರಿ ಬಿಟ್ಟು ಹೊಲದ ಬದುವಿನ ಮ್ಯಾಲ ಹೋದವರ ಹಾಡು ಅಂತ ತಿಳ್ಕೋರಿ. ಅಲ್ಲಿ ಜಾರ್ಜಿಯಾ ರಾಜ್ಯದಾಗ ಅಥೆನ್ಸ್ ಅಂತ ಒಂದ ಕಾಲೇಜಿನ ಊರೈತಿ. ಅಲ್ಲಿ ನಾಕ ಮಂದಿ ಹುಡುಗೂರು ಇದ್ರು, ಅವರಾಗ ಕೆಲವ್ರು ಒಂದ ಹಳೇ ಚರ್ಚಿನಾಗ ಬಾಡಿಗಿ ಇದ್ರು. 1980ರ ಏಪ್ರಿಲ್‌ದಾಗ ಅದ ಚರ್ಚಿನಾಗ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕ ಮೊದಲ ಸಲ ಬಾರಿಸಿದ್ರು. ಮುಂದ ಆರ್.ಇ.ಎಂ. ಅಂತ ಹೆಸರಾದ ಬ್ಯಾಂಡ್ ಅದು. ಅವರ ಮೊದಲ ಸಿಂಗಲ್ಲು "ರೇಡಿಯೋ ಫ್ರೀ ಯುರೋಪ್", 1981ರಾಗ ಬಂತು. ಅದನ್ನ ರಿಕಾರ್ಡ್ ಮಾಡಿದ್ದು ಮಿಚ್ ಈಸ್ಟರ್ ಅನ್ನಾವ್ರ ಸ್ಟುಡಿಯೋದಾಗ. ಸ್ಟುಡಿಯೋ ಅಂದ್ರ ದೊಡ್ಡ ಕಟ್ಟಡ ಅಲ್ಲ, ಅವರ ಅವ್ವ ಅಪ್ಪನ ಮನಿ ಕಾರ್ ನಿಲ್ಲಸೂ ಗ್ಯಾರೇಜು. ಹಿಬ್-ಟೋನ್ ಅನ್ನೂ ಸಣ್ಣ ಕಂಪನಿ ಮೊದಲಿಗೆ 1000 ಪ್ಲೇಟ್ ಒತ್ತಿಸ್ತು. ಅದ್ರಾಗ ಅರ್ಧಕ್ಕಿಂತ ಹೆಚ್ಚು ರೇಡಿಯೋದವ್ರಿಗೆ, ಪೇಪರಿನವ್ರಿಗೆ ಪುಕ್ಕಟೆ ಹಂಚಿದ್ರು. ನಮ್ಮ ಕನಮಡಿ ಜಾತ್ರ್ಯಾಗ ಒಂದ ದಿನಕ್ಕ ಇದರಕಿಂತ ಹೆಚ್ಚು ಬೆಂಡು ಬತ್ತಾಸ ಪುಡಿಕಿ ಮಾರಾಟ ಆಗ್ತಾವ!

ನನಗ ಇದ್ರಾಗ ಮನಸಿಗೆ ಹತ್ತಿದ್ದು ಎರಡ ಸಂಗತಿ. ಒಂದು, ಆ ಹಾಡಿನ ಮಾತು ಯಾರಿಗೂ ನೆಟ್ಟಗ ತಿಳೀತಿರಲಿಲ್ಲ. ಹಾಡಾಂವ ಬಾಯಾಗ ಗೊಣಗಿದಂಗ ಹಾಡ್ಯಾನ. ಆದ್ರೂ ಮಂದಿ ಹಾಡಿದ್ರು. ಇದು ನಮಗೇನ ಹೊಸಾದಲ್ಲ. ಕ್ವಾಡಗನ ಕೋಳಿ ನುಂಗಿದ್ದು ಯಾಕಂತ ನಮಗ ಯಾರಿಗೆ ಗೊತ್ತಿತ್ತು? ಸಣ್ಣಾಕಿ ಇದ್ದಾಗಿಂದ ಹಾಡೇವಿ. ಎರಡನೇದ್ದು, ಆ ಸಿಂಗಲ್ ಕೇಳಿ ಆ ಹುಡುಗೂರಿಗೇ ಸಮಾಧಾನ ಆಗಲಿಲ್ಲ. 1983ರಾಗ ಅಲ್ಬಮ್ ಮಾಡೂ ಮುಂದ ಅದ ಹಾಡು ಮತ್ತೊಮ್ಮಿ ಹಾಡಿದ್ರು. ಈಗೂ ಅಭಿಮಾನಿಗಳು "ಮೊದಲಿಂದ ಚಲೋ", "ಎರಡನೇದ ಚಲೋ" ಅಂತ ಜಗಳಾಡ್ತಾರಂತ. ನಮ್ಮ ಮನಿ ಜಗಳಾನೂ ಇಂಥಾದ್ದ.

ಆದ್ರ ಸಿಂಗಲ್ ಅನ್ನೂದು ಇವರಿಗಿಂತ ಹಳೇದು. ಪ್ಲೇಟಿನ ಕಾಲದ್ದು. ನಮ್ಮ ದೇಶದಾಗ ಪ್ಲೇಟಿಗೆ ಹಾಡು ಹಿಡದದ್ದು 1902ರ ನವೆಂಬರ್‌ದಾಗ, ಕಲ್ಕತ್ತಾದಾಗ. ಹಾಡಿದಾವ್ರಾಗ ಒಬ್ಬಾಕಿ ಗೌಹರ್ ಜಾನ್. ಫ್ರೆಡ್ ಗೈಸ್‌ಬರ್ಗ್ ಅನ್ನಾಂವ ವಿಲಾಯತಿ ಕಂಪನಿಯಿಂದ ಮಶೀನ್ ತಗೊಂಡು ಬಂದಿದ್ದ. ಗಂಟೆಗಟ್ಟಲೆ ಹಾಡೂ ರಾಗಾನ ಮೂರ ಮಿನಿಟಿನಾಗ ಮುಗಸ್ಬೇಕು ಅಂದ. ಪ್ಲೇಟಿನಾಗ ಅಷ್ಟ ಜಾಗಾ. ಅಕಿ ಮುಗಸಿದ್ಲು. ಕಡೀಕ ಇಂಗ್ಲಿಷಿನಾಗ "ನನ್ನ ಹೆಸರು ಗೌಹರ್ ಜಾನ್" ಅಂತ ಗಟ್ಟಿಯಾಗಿ ಹೇಳಿದ್ಲು. ಯಾಕಂದ್ರ ಆ ಮೇಣದ ಅಚ್ಚು ಹೋಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ಗೆ. ಅಲ್ಲಿ ಪ್ಲೇಟ್ ಒತ್ತಾವ್ರಿಗೆ ಇದು ಯಾರ ಹಾಡು ಅಂತ ತಿಳೀಬೇಕಲ್ಲ. ಕಲ್ಕತ್ತಾದಾಗ ಪ್ಲೇಟಿನ ಕಾರಖಾನಿ ಆದದ್ದು 1908ರಾಗ.

ಇನ್ನ ನಮ್ಮ ಜಿಲ್ಲೆಯಾಕಿನ್ನ ಬಿಟ್ಟು ಪ್ಲೇಟಿನ ಮಾತ ಆಡಾಕ ಆಗೂದಿಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ. ಬೀಳಗಿ ಈಗ ಬಾಗಲಕೋಟಿಗೆ ಹೋಗೇತಿ, ಆಗ ನಮ್ಮ ಬಿಜಾಪುರ ಜಿಲ್ಲಾನ. ಅಕ್ಕ ತಂಗಿ ಇಬ್ರೂ ಹಾಡಾವ್ರು. ಗೌಹರಬಾಯಿ ಬಾಲಗಂಧರ್ವರ ಜೋಡಿ ನಾಟಕದಾಗ ಹೆಸರು ಮಾಡಿದ್ಲು, ಅಮೀರಬಾಯಿ ಮುಂಬೈ ಸಿನಿಮಾದಾಗ. 1943ರ "ಕಿಸ್ಮತ್" ಸಿನಿಮಾದ ಹಾಡಿನಿಂದ ದೇಶಾನ ಅಕಿನ್ನ ಕೇಳ್ತು. ಆ ಸಿನಿಮಾ ಕಲ್ಕತ್ತಾದ ಒಂದ ಟಾಕೀಜಿನಾಗ ಮೂರ ವರ್ಷಕ್ಕಿಂತ ಹೆಚ್ಚು ಓಡ್ತು. ವಿಜಯಪುರದಾಗ ಅಮೀರ್ ಟಾಕೀಜ್ ಅಂತ ನೀವೆಲ್ಲಾ ಕೇಳೀರಲ್ಲ? ಅದು ಅಕಿ ಕಟ್ಟಿಸಿದ್ದು. ನಾವು ಲಗ್ನ ಆದ ಹೊಸದಾಗಿ ಅಲ್ಲಿ ಸಿನಿಮಾ ನೋಡೇವಿ, ಆ ಹೆಸರು ಒಬ್ಬ ಹೆಣಮಗಳದ್ದು ಅಂತ ನನಗ ಆಗ ಗೊತ್ತಿರಲಿಲ್ಲ. ಯಾರೋ ಅಮೀರ ಸಾಹುಕಾರಂದು ಅನ್ಕೊಂಡಿದ್ದೆ!

ಮೊದಲ ಪ್ಲೇಟ್ ತುಂಬಿದಾವ್ರು ಹೆಣಮಕ್ಕಳ, ಆದ್ರ ಎಂಥಾ ಹೆಣಮಕ್ಕಳು? ಹಾಡೂದ ಕಸಬು ಇದ್ದ ಮನೆತನದವ್ರು. "ಮರ್ಯಾದಸ್ಥರ" ಮನಿ ಹೆಣಮಕ್ಕಳು ಹಾಡು ಕಂಪನಿ ಹಂತೇಕ ಹ್ವಾದ್ರ ಊರೆಲ್ಲಾ ಆಡಿಕೊಳ್ಳೂ ಕಾಲ. ಅವರಿಂದ ಪ್ಲೇಟ್ ಉಳೀತು, ಹಾಡು ಉಳೀತು. ನಮ್ಮಂಥಾ ಮನಿ ಹೆಂಗಸೂರಿಂದ ಮರ್ಯಾದಿ ಉಳೀತು, ಹಾಡು ಹೋತು. ಇದನ್ನ ಬರ್ಯಾಕ ನನಗ ಸ್ವಲ್ಪ ಸಂಕಟ ಆಗ್ತೈತಿ, ಆದ್ರ ಖರೇ.

1949ರಾಗ ಅಮೆರಿಕಾದಾಗ ಸಣ್ಣ ಪ್ಲೇಟು ಬಂತು, ನಿಮಿಷಕ್ಕ 45 ಸುತ್ತು ತಿರಗೂದು. ಮುಂದ ಈ ಕಡೆ ಒಂದು, ಆ ಕಡೆ ಒಂದು ಹಾಡಿನ ಆ ಪ್ಲೇಟಿಗೇ ಸಿಂಗಲ್ ಅನ್ನೂ ಹೆಸರು ಗಟ್ಟಿ ಆತು. ಕನಮಡಿಯಾಗ ನಮ್ಮ ಮನಿಗೆ ದೊಡ್ಡ ಪ್ಲೇಟೂ ಬರಲಿಲ್ಲ, ಸಣ್ಣ ಪ್ಲೇಟೂ ಬರಲಿಲ್ಲ. ರೇಡಿಯೋ ಬಂತು. ಧಾರವಾಡ ಆಕಾಶವಾಣಿ 1950ರಾಗ ಚಾಲೂ ಆದದ್ದು, ನಮ್ಮ ಮಾವ ಅವರು ರೇಡಿಯೋ ತಂದದ್ದು ಎಷ್ಟೋ ವರ್ಷ ಆದ ಮ್ಯಾಲ. ಅದೂ ಪಡಸಾಲ್ಯಾಗ, ಗಂಡಸೂರ ಕೈಯಾಗ. ಅಡಗಿ ಮನಿಗೆ ಅರ್ಧ ಹಾಡು ಕೇಳ್ತಿತ್ತು, ಅರ್ಧ ಒಗ್ಗರಣಿ ಸಪ್ಪಳಕ್ಕ ಹೋಗ್ತಿತ್ತು.

ಹಂಗಾದ್ರ ನಮ್ಮತ್ತಿ ಹಾಡು ಎಲ್ಲಿಂದ ಬಂತು? ಭಜನಿಯಿಂದ. ಅಮಾಸಿಗೆ ಗುಡಿಯಾಗ ಭಜನಿ ಇರ್ತಿತ್ತು. ಗಂಡಸೂರು ಒಳಗ ಕುಂತು ಏಕತಾರಿ, ಪೇಟಿ, ದಮ್ಮಡಿ, ತಾಳ ಹಿಡದು ಬೆಳತನಕ ಹಾಡಾವ್ರು. ಹೆಂಗಸೂರು ಹೊರಗ ಕಟ್ಟಿ ಮ್ಯಾಲ ಕೂಸು ತಟ್ಟಿಕೋತ ಕೂಡಾವ್ರು. ನಮ್ಮತ್ತಿ ಅಲ್ಲಿ ಕೂತು ಕಿವಿಯಿಂದ ಪದಾ ಹೊತ್ತುಕೊಂಡು ಮನಿಗೆ ಬರ್ತಿದ್ರು. ಮುಂದ ಬೀಸೂ ಕಲ್ಲಿನ ಮುಂದ ಅದ ಪದಾ. ಬೀಸೂ ವೇಗಕ್ಕ ಪದದ ಓಟ ಬದಲಾಕ್ಕಿತ್ತು, ಮರತಲ್ಲಿ ತಮ್ಮದೊಂದು ಮಾತು ಸೇರತಿತ್ತು. ಅದ್ರಾಗ ಅವರಿಗೆ ಭಾಳ ಸೇರತಿದ್ದದ್ದು ಶರೀಫಜ್ಜಂದು, "ಸೋರುತಿಹುದು ಮನೆಯ ಮಾಳಿಗಿ".

ಶಿಶುನಾಳ ಶರೀಫರು ಹುಟ್ಟಿದ್ದು 1819, ತೀರಿಕೊಂಡದ್ದು 1889. ಊರು ಈಗಿನ ಹಾವೇರಿ ಜಿಲ್ಲಾ ಶಿಗ್ಗಾಂವಿ ತಾಲೂಕು. ಮುಸಲರ ಮನಿ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ, ಕೆಲವು ದಿವಸ ಸಾಲಿ ಮಾಸ್ತರ. ಅವರು ಕುಂತು ಪುಸ್ತಕ ಅಚ್ಚು ಹಾಕಿಸಲಿಲ್ಲ. ಕಂಡದ್ದರ ಮ್ಯಾಲ ಪದಾ ಕಟ್ಟಿದ್ರು, ಮಂದಿ ಬಾಯಾಗ ಇಟ್ಟಕೊಂಡ್ರು, ಬರದಿಟ್ಟು ಕೂಡಿಸಿ ಪುಸ್ತಕ ಮಾಡಿದ್ದು ಆಮ್ಯಾಲಿನವ್ರು. ಅವರ ಪದಕ್ಕ ರಿಲೀಸ್ ತಾರೀಖು ಇಲ್ಲ.

ಈ ಮಾಳಿಗಿ ಪದಾ ನಮ್ಮ ಕಡೆ ಹೆಂಗಸೂರಿಗೆ ಯಾಕ ಹತ್ತಿತು ಅಂದ್ರ ಅದು ನಮ್ಮ ಮನಿ ಲೆಕ್ಕ ಒಪ್ಪಿಸಿದಂಗ ಐತಿ. ಈಗಿನ ಹುಡುಗೂರಿಗೆ ಮಣ್ಣಿನ ಮಾಳಿಗಿ ಗೊತ್ತಿಲ್ಲ, ಅದಕ್ಕ ಹೇಳ್ತೀನಿ. ಗ್ವಾಡಿ ಮ್ಯಾಲ ತೊಲಿ, ತೊಲಿ ಮ್ಯಾಲ ಅಡ್ಡ ಜಂತಿ, ಜಂತಿ ಮ್ಯಾಲ ಕಟ್ಟಿಗಿ ತಪ್ಪಲ ಹಾಸೂದು, ಅದರ ಮ್ಯಾಲ ಮಣ್ಣು. ನಡುವ ಒಂದ ಬೆಳಕಿಂಡಿ. ವರ್ಷಾ ಮಳಿಗಾಲದ ಮುಂಚೆ ಮ್ಯಾಲ ಹತ್ತಿ ಹುಲ್ಲು ಕಿತ್ತು, ಸವಳ ಮಣ್ಣು ಹಾಕಿ ತುಳೀಬೇಕು. ಒಂದ ವರ್ಷ ಬಿಟ್ರಿ, ಇಲಿ ತೂತು, ಇರಿವಿ ಗೂಡು, ಗೆದ್ದಲ ಹಿಡದ ಜಂತಿ, ಎಲ್ಲಾ ಮಳಿ ಬಂದ ರಾತ್ರಿ ಒಮ್ಮಿಗೇ ಲೆಕ್ಕ ಕೇಳ್ತಾವ. ಅರ್ಧರಾತ್ರ್ಯಾಗ ಎದ್ದು ಇಲ್ಲೊಂದು ಬೋಗುಣಿ, ಅಲ್ಲೊಂದು ಕೊಡ, ಹುಡುಗೂರ ಹಾಸಿಗಿ ಆ ಮೂಲಿಂದ ಈ ಮೂಲಿಗೆ. ಜ್ವಾಳದ ಚೀಲಕ್ಕ ನೀರು ತಾಕಬಾರದು. ಇದೆಲ್ಲಾ ಹೆಂಗಸೂರ ಕೆಲಸ. ಗಂಡಸೂರು ಮುಂಜಾನೆ ಎದ್ದು "ರಾತ್ರಿ ಮಳಿ ಆತೇನ?" ಅಂತ ಕೇಳಾವ್ರು.

ಶರೀಫಜ್ಜ ಆ ಪದದಾಗ ಬಡಿಗ್ಯಾನಂಗ ತೊಲಿ, ಜಂತಿ, ಕೀಲು ಅಂತ ಒಂದೊಂದ ಎಣಿಸ್ಯಾರ. ಹುಬ್ಬಿ ಮಳಿ ಅಂತ ಮಳಿ ಹೆಸರೂ ಹೇಳ್ಯಾರ. ನಮ್ಮ ವಿಜಯಪುರ ಸೀಮ್ಯಾಗ ಜೋರ ಮಳಿ ಅಂದ್ರ ಆ ಹೊತ್ತಿಂದ, ಹುಬ್ಬಿ ಉತ್ತರಿ. ಬಿಳಿ ಜ್ವಾಳ ಬಿತ್ತಾಕ ಅದ ಮಳಿ ಬೇಕು, ಮಾಳಿಗಿ ಸೋರಾಕೂ ಅದ ಮಳಿ. ಬೇಕು ಅನ್ನಾಂಗಿಲ್ಲ, ಬ್ಯಾಡ ಅನ್ನಾಂಗಿಲ್ಲ. ಆ ಪದದಾಗ ಅವರು ಮಾತಾಡೂದು ಹೆಂಡತಿ ಜೋಡಿ. ಮನಿ ಅಂದ್ರ ಈ ದೇಹ, ಸೋರೂದು ಅಂದ್ರ ಅಜ್ಞಾನ ಅಂತ ಭಜನಿ ಮಾಸ್ತರು ಅರ್ಥ ಹೇಳ್ತಿದ್ರು. ನಮ್ಮತ್ತಿ ಅಂತಿದ್ರು, "ಅರ್ಥ ಆಮ್ಯಾಲ ಆಗ್ಲಿ, ಮೊದಲ ಮಾಳಿಗಿ ಮ್ಯಾಲ ಮಣ್ಣ ಹಾಕಸ್ರಿ".

1980ರ ದಶಕಕ್ಕ ಕ್ಯಾಸೆಟ್ ಬಂತು, ಭಜನಿ ಪದಾ ಬಜಾರಕ್ಕ ಬಂದ್ವು. ಶರೀಫರ ಪದಾನ ಮೈಸೂರು ಬೆಂಗಳೂರು ಕಡೆ ಮನೆಮನೆಗೆ ಮುಟ್ಟಿಸಿದಾವ್ರು ಸಿ. ಅಶ್ವಥ್. 1990ರಾಗ ಟಿ.ಎಸ್. ನಾಗಾಭರಣ ಅವರು "ಸಂತ ಶಿಶುನಾಳ ಶರೀಫ" ಸಿನಿಮಾ ಮಾಡಿದ್ರು. ಶ್ರೀಧರ್ ಶರೀಫರಾದ್ರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದ್ರು, ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯದ ಚಿತ್ರ ಅಂತ ಅದಕ್ಕ ದೊಡ್ಡ ಪ್ರಶಸ್ತಿ ಬಂತು. ಆ ಕ್ಯಾಸೆಟ್ ನಮ್ಮ ಮನ್ಯಾಗೂ ಇತ್ತು. ರೀಲು ಸಿಕ್ಕೊಂಡ್ರ ಪೆನ್ನು ತೂರಿಸಿ ಸುತ್ತೂದು ನಿಮಗೆಲ್ಲಾ ನೆನಪಿರಬೇಕು. ಅಶ್ವಥ್ ಅವರ ದನಿ ಎದಿ ಸೀಳೂ ದನಿ, ಸುಳ್ಳ ಯಾಕ ಹೇಳಲಿ. ಆದ್ರ ಒಂದಾತು. ಕ್ಯಾಸೆಟ್ ಬಂದ ಮ್ಯಾಲ ನಮ್ಮೂರ ಭಜನಿಯವ್ರೂ ಅದ ಧಾಟಿ ಹಿಡದ್ರು. ಮೊದಲು ಕನಮಡಿ ಧಾಟಿ ಬ್ಯಾರೆ, ಬಾಬಾನಗರದ್ದು ಬ್ಯಾರೆ, ಬಬಲೇಶ್ವರದ್ದು ಬ್ಯಾರೆ ಇರ್ತಿತ್ತು.

ಇನ್ನ ಬ್ಯಾಂಡಿನ ಕತಿ. ರಘು ದೀಕ್ಷಿತ್ ಅಂತ, ನಾಸಿಕದಾಗ ಹುಟ್ಟಿ ಮೈಸೂರಾಗ ಬೆಳದಾಂವ. ಓದಿದ್ದು ಮೈಕ್ರೋಬಯಾಲಜಿ, ಕಲತದ್ದು ಭರತನಾಟ್ಯ. ಕಾಲೇಜಿನಾಗ ಗಿಟಾರ್ ಬಾರಿಸೂ ಒಬ್ಬ ಗೆಳೆಯ "ಗಂಡಸ ಆಗಿ ಡ್ಯಾನ್ಸ್ ಮಾಡ್ತೀಯೇನ" ಅನ್ನೂ ಧಾಟ್ಯಾಗ ಹಂಗಿಸಿದ್ನಂತ. ಅವನ ಜೋಡಿ ಪಣಾ ಕಟ್ಟಿ ಗಿಟಾರ್ ಕಲತ. ಬೆಲ್ಜಿಯಂದಾಗ ಕೆಲಸಾನೂ ಮಾಡಿ ಬಂದ. ಮೊದಲ ಅಂತರಾಗ್ನಿ ಅಂತ ಬ್ಯಾಂಡ್ ಕಟ್ಟಿದ, ಅದು ಒಡೀತು, ಆಮ್ಯಾಲ ರಘು ದೀಕ್ಷಿತ್ ಪ್ರಾಜೆಕ್ಟ್ ಅಂತ ಮಾಡಿದ. ಲುಂಗಿ ಉಟ್ಟು, ಕಾಲಿಗೆ ಗೆಜ್ಜಿ ಕಟ್ಟಿ, ಬರಿಗಾಲಲೆ ಗಿಟಾರ್ ಹಿಡದು ನಿಲ್ಲೂದು. ಅವನ ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ಅಂತ ಬ್ಯಾರೆ ಬ್ಯಾಂಡಿನಾಗ ಹಾಡ್ತಾನ. ಒಂದ ಮನಿ ಎರಡ ಬ್ಯಾಂಡು, ಅವರವ್ವ ಹೆಂಗ ತಡಕೊಂಡಳೋ!

ಅವರು ತಮ್ಮ ಹಾಡಿಗೆ ಫೋಕ್ ರಾಕ್ ಅಂತಾರ, ಮಗಳಂದಂಗ ಆಲ್ಟರ್ನೇಟಿವ್ ಅಲ್ಲ. ಆದ್ರ ನಮ್ಮ ನಾಡಿನಾಗ ಸಿನಿಮಾ ಅನ್ನೂದ ಹೆದ್ದಾರಿ. ಸಿನಿಮಾ ಬಿಟ್ಟು, ಗಿಟಾರಿನ ಮ್ಯಾಲ ಕನ್ನಡ ತತ್ವಪದಾ ಹಾಡಿ ಸೀಡಿ ಮಾಡ್ತೀನಿ ಅಂದ್ರ ಯಾವ ಕಂಪನಿ ಕೇಳೀತು? ಬೆಂಗಳೂರಾಗ ರಾಕ್ ಬ್ಯಾಂಡ್ ಇರಲಿಲ್ಲ ಅಂತಲ್ಲ, 1996ರಿಂದ ಇದ್ದ ಥರ್ಮಲ್ ಅಂಡ್ ಎ ಕ್ವಾರ್ಟರ್ ಅಂಥಾವ್ರು ಇದ್ರು, ಹಾಡೂದು ಇಂಗ್ಲಿಷಿನಾಗ. ಈತ ಮುಂಬೈಗೆ ಹೋಗಿ ಕಂಪನಿ ಬಾಗಲಾ ಬಡದ. ವರ್ಷಗಟ್ಟಲೆ ಬ್ಯಾಡ ಅನಿಸಿಕೊಂಡ. ಮುಂಬೈಯಾಗ ಪವಾಡಕ್ಕ ಕಾಯೂದರ ಮ್ಯಾಲನ ಒಂದ ಇಂಗ್ಲಿಷ್ ಹಾಡು ಕಟ್ಟ್ಯಾನ. ಕಡೀಕ ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್-ಶೇಖರ್ ಕೇಳಿ ಒಪ್ಪಿದ್ರು. ಆ ವಿಶಾಲನೂ ಒಂದ ರಾಕ್ ಬ್ಯಾಂಡಿನ ಹಾಡಗಾರ. ಅವರು ತಮ್ಮದ ಒಂದ ಸಣ್ಣ ಕಂಪನಿ ತಗದು 2008ರಾಗ ಈತನ ಅಲ್ಬಮ್ ಬಿಡುಗಡೆ ಮಾಡಿದ್ರು. ಅದ ವರ್ಷ "ಸೈಕೋ" ಅನ್ನೂ ಕನ್ನಡ ಸಿನಿಮಾಕ್ಕೂ ಈತ ಸಂಗೀತ ಕೊಟ್ಟ, ಅದರ ಮಾದೇಶ್ವರನ ಹಾಡು ಲಗ್ನದ ಮೆರವಣಿಗಿ ತನಕಾನೂ ಬಂತು. ಹೆದ್ದಾರಿನೂ ಬಿಡಲಿಲ್ಲ ಅನ್ರಿ.

ಆ ಅಲ್ಬಮ್‌ದಾಗ ಹಿಂದಿ ಹಾಡು ಅದಾವ, ಇಂಗ್ಲಿಷ್ ಅದಾವ, ಕನ್ನಡದ್ದು ಅಂದ್ರ ಶರೀಫಜ್ಜನ ಎರಡು. ಒಂದು ಗುಡಗುಡಿ ಪದಾ, ಇನ್ನೊಂದು ನಮ್ಮ ಸೋರೂ ಮಾಳಿಗಿ. 2010ರಾಗ ಲಂಡನ್ನಿನ ಬಿಬಿಸಿ ಟಿವಿಯಾಗ ಜೂಲ್ಸ್ ಹಾಲೆಂಡ್ ಅನ್ನಾಂವ ನಡಸೂ ಕಾರ್ಯಕ್ರಮದಾಗ ಈತ ಒಂದ ಹಿಂದಿ ಹಾಡು ಹಾಡಿದ. ಅದರ ಹಿಂದ ಅಲ್ಬಮ್ ಇಂಗ್ಲಂಡಿನ ಐಟ್ಯೂನ್ಸ್ ಜಾಗತಿಕ ಸಂಗೀತದ ಪಟ್ಟಿಯಾಗ ಮೊದಲ ನಂಬರಿಗೆ ಹೋತು. 2011ರಾಗ ಅಲ್ಲಿಯ ಸಾಂಗ್‌ಲೈನ್ಸ್ ಪತ್ರಿಕಾದವರು ಹೊಸ ಕಲಾವಿದರ ಪ್ರಶಸ್ತಿ ಕೊಟ್ರು. ಹುಬ್ಬಿ ಮಳಿ ಅಂದ್ರ ಏನಂತ ಗೊತ್ತಿಲ್ಲದ ಮಂದಿ ಮನಿಗೆ ಆ ಹಾಡಿನ ಜೋಡಿ ನಮ್ಮ ಮಾಳಿಗಿ ಪದಾನೂ ಹೋತು.

ನಮ್ಮ ಮನಿಗೆ ಮಾತ್ರ ಅದು ಅಲ್ಬಮ್ ಆಗಿ ಬರಲಿಲ್ಲ. ಸಿಂಗಲ್ ಆಗೇ ಬಂತು. 2009ರ ದೀಪಾವಳಿಗೆ ವಿಜಯಪುರದಿಂದ ನಮ್ಮ ಮೈದುನನ ಮಗ ಬಂದಿದ್ದ. ಅವನ ಫೋನಿಂದ ಮಗಳ ಫೋನಿಗೆ ಬ್ಲೂಟೂತ್‌ಲೆ ಒಂದ ಹಾಡು ದಾಟಿಸಿದ. ಹೆಸರಿಲ್ಲ, ಊರಿಲ್ಲ, ಬರೇ ಟ್ರ್ಯಾಕ್ ನಂಬರು. ಅಕಿ ಆಗ ಹೈಸ್ಕೂಲ್ ಹುಡುಗಿ, ಬೆಳಗಿನಿಂದ ಸಂಜಿ ತನಕ ಅದನ್ನ ಹಚ್ಚಾಕಿ.

ಅವತ್ತ ಒಳಗಿನ ಖೋಲ್ಯಾಗ ನಮ್ಮತ್ತಿ ಶೇಂಗಾ ಸುಲೀತಿದ್ರು. ಹೊರಗ ಗಿಟಾರ್ ಸುರು ಆತು, ಲಕ್ಷ್ಯ ಕೊಡಲಿಲ್ಲ. ಮುಂದ ಹಾಡಿನ ಮೊದಲ ಮಾತು ಬಂತು. ಅವರ ಕೈ ನಿಂತ್ವು. ಎದ್ದು ಬಾಗಲ ಹಿಡದು ನಿಂತ್ರು. "ಇದು ನಮ್ಮ ಪದ ಅಲ್ಲೇನ?" ಅಂದ್ರು. ಮೊಮ್ಮಗಳು "ಹೌದ ಆಯಿ, ರಘು ದೀಕ್ಷಿತ್" ಅಂದ್ಲು. "ಅಂವ ಯಾವ್ಯಾ? ಇದು ಶರೀಫಜ್ಜಂದು" ಅಂದು, ಅಲ್ಲೇ ಉಡಿಯಾಗ ಶೇಂಗಾ ಹಿಡಕೊಂಡ, ಫೋನಿನ ಜೋಡಿ ತಾವೂ ಹಾಡಾಕ ಹತ್ತಿದ್ರು. ಮೊದಲ ನುಡಿ ಇಬ್ಬರದೂ ಕೂಡೇ ಹೋತು. ಅಜ್ಜಿ ದನಿ, ಗಿಟಾರು, ಮಗಳು ಬಾಯಿ ತಗದು ನೋಡಾಕತ್ತಿದ್ಲು. ಎರಡನೇ ನುಡಿಗೆ ಫೋನು ಒಂದ ಕಡೆ ಹೊಳ್ಳಿತು, ನಮ್ಮತ್ತಿ ಇನ್ನೊಂದ ಕಡೆ ಹೊಳ್ಳಿದ್ರು. ನಿಂತ್ರು. ಮತ್ತ ಹಿಡದ್ರು, ಮತ್ತ ತಪ್ಪಿತು.

"ನುಡಿ ತಪ್ಪ್ಯಾನ. ಬಂದ್ ಮಾಡು" ಅಂದ್ರು.

"ಆಯಿ, ಅಂವ ತಪ್ಪಿಲ್ಲ, ನೀ ತಪ್ಪಿ. ಕ್ಯಾಸೆಟ್ಟಿನಾಗ ಕೇಳು, ಪುಸ್ತಕದಾಗ ನೋಡು, ನೀ ಹಾಡೂ ನುಡಿ ಎಲ್ಲೂ ಇಲ್ಲ" ಅಂದ್ಲು ಮಗಳು. ಹುಡುಗಿ, ತಿಳೀಲಾರದ ಅಂದ್ಲು. ಆದ್ರ ಅಂದ್ಲು.

ನಮ್ಮತ್ತಿ ತಿರುಗಿ ಮಾತಾಡಲಿಲ್ಲ. ಒಳಗ ಹೋಗಿ ಶೇಂಗಾ ಸುಲಿಯಾಕ ಕೂತ್ರು. ನಾನೂ ನಡುವ ಬಾಯಿ ಹಾಕಲಿಲ್ಲ. ಹಬ್ಬದ ಅಡಗಿ, ಬೀಗರ ಬರೂ ಹೊತ್ತು, ಯಾರಿಗೆ ಪುರಸೊತ್ತು? ಅದಾದ ಮ್ಯಾಲ ನಾ ಕೇಳಿದಂಗ ಅವರು ಆ ಪದಾ ಮತ್ತ ಹಾಡಲಿಲ್ಲ. ಅದೇ ಡಿಸೆಂಬರ್ 29ಕ್ಕ ಅಶ್ವಥ್ ಅವರು ತೀರಿಕೊಂಡ್ರು, ಅವರ ಹುಟ್ಟಿದ ದಿನಾನ. ಟಿವ್ಯಾಗ ದಿನಪೂರ್ತಿ ಶರೀಫರ ಪದಾ. ನಮ್ಮತ್ತಿ ಕೂತು ಎಲ್ಲಾ ಕೇಳಿದ್ರು, ತುಟಿ ಅಲ್ಲಾಡಿಸಲಿಲ್ಲ.

ಮಗಳಂದದ್ದರಾಗ ಒಂದ ಮಾತು ಖರೇ ಇತ್ತು. ಅವರ ಆ ನುಡಿ ಪುಸ್ತಕದಾಗ ಇಲ್ಲ, ನಾನೂ ಆಮ್ಯಾಲ ಹುಡುಕಿ ನೋಡೇನಿ. ಆದ್ರ ಇಲ್ಲ ಅಂದಕೂಡ್ಲೆ ತಪ್ಪು ಹೆಂಗಾತು? ಶರೀಫಜ್ಜ ಒಂದ ಊರಾಗ ಹಾಡಿದಂಗ ಇನ್ನೊಂದ ಊರಾಗ ಹಾಡಿರ್ತಾರೇನು? ಬೀಸೂ ಕಲ್ಲಿನ ಮುಂದ ಯಾವಾಕೋ ಒಬ್ಬಾಕಿ ತನ್ನ ಮನಿ ಸೋರೂದನ್ನ ಎರಡ ಸಾಲು ಸೇರಿಸಿರಬೇಕು. ನನಗ ಆ ನುಡಿದು ಅರ್ಥ ಅಷ್ಟ ನೆನಪೈತಿ. ಸೋರೂ ನೀರಿಗೆ ಇಟ್ಟ ಕೊಡಾನ ತೂತು ಬಿದ್ದೈತಿ ಅನ್ನೂ ಮಾತು. ಮಾತಿನ ಕ್ರಮ ನೆನಪಿಲ್ಲ, ಧಾಟಿ ನೆನಪಿಲ್ಲ. ಇಪ್ಪತ್ತ ವರ್ಷಕ್ಕಿಂತ ಹೆಚ್ಚು ಅದ ಮನ್ಯಾಗ ಕೇಳಿದಾಕಿ ನಾ.

2012ರಾಗ ನಮ್ಮ ಮಾಳಿಗಿ ಕೆಡವಿ ಸ್ಲ್ಯಾಬ್ ಹಾಕಿಸಿದ್ವಿ. ತೊಲಿ ಇಳಿಸೂ ದಿನ ನಮ್ಮತ್ತಿ ಅಂಗಳದಾಗ ಕುರ್ಚಿ ಹಾಕಿಕೊಂಡು ಕೂತಿದ್ರು. 2014ರಾಗ ಹೋದ್ರು. ಮನಿ ತುಂಬ ಫೋನ್ ಇದ್ವು, ಎಲ್ಲಾದ್ರಾಗೂ ರಿಕಾರ್ಡ್ ಮಾಡೂ ಗುಂಡಿ ಇತ್ತು. ಅವರ ದನಿ ನಮ್ಮ ಹಂತೇಕ ಒಂದ ಮಿನಿಟಿಂದೂ ಇಲ್ಲ. ಮುಂಬೈಯಾಗ ಆ ಬ್ಯಾಂಡಿನಾಂವನ್ನ ಬ್ಯಾಡ ಅಂದ ಕಂಪನಿಯವ್ರಿಗೆ ನಾ ಏನ ಅನ್ನಲಿ, ಇಲ್ಲಿ ನಾನ ಆ ಕಂಪನಿ ಆಗಿದ್ದೆ. ಸ್ಲ್ಯಾಬೂ ಈಗ ಎರಡ ಕಡೆ ಸೋರತೈತಿ, ಅದು ಬ್ಯಾರೆ ಮಾತು.

ಬ್ಯಾಂಡಿನ ಮ್ಯಾಲ ನನಗೇನ ಸಿಟ್ಟಿಲ್ಲ. ಅವರು ಆ ಪದಾ ಹಾಡಿರದಿದ್ರ ನನ್ನ ಮಗಳಿಗೆ ಶರೀಫಜ್ಜ ಪಠ್ಯಪುಸ್ತಕದಾಗಿನ ಒಂದ ಹೆಸರಾಗಿ ಉಳೀತಿದ್ರು. ಅಕಿ ಬೆಂಗಳೂರಿನ ಪಿ.ಜಿ.ಯಾಗ ಒಬ್ಬಾಕೆ ಇದ್ದ ಮೊದಲ ವರ್ಷ, ರಾತ್ರಿ ನಿದ್ದಿ ಬರದಿದ್ರ ಆ ಹಾಡು ಹಚ್ಚಿಕೋತಿದ್ಲಂತ. "ಅದ್ರಾಗ ಆಯಿ ಬಾಗಲದಾಗ ನಿಂತದ್ದು ಕಾಣತೈತವ್ವಾ" ಅಂತ ಒಮ್ಮಿ ಅಂದಿದ್ಲು. ಅಕಿಗೂ ಆ ದಿನ ಚುಚ್ಚತೈತಿ ಅಂತ ನನಗ ಅವತ್ತ ಗೊತ್ತಾದದ್ದು.

ಇಷ್ಟೆಲ್ಲಾ ಈ ಸಲ ಫೋನಿನಾಗ ಮತ್ತ ಬಂತು. ಅಕಿನ ಅಂದ್ಲು, "ಅವ್ವಾ, ಆಯಿ ಜೋಡಿ ಕಟ್ಟಿ ಮ್ಯಾಲ ಕೂಡ್ತಿದ್ದ ಕಾಕಿಆಯಿ ಇನ್ನೂ ಅದಾರಲ್ಲ? ಅವರನ್ನ ಕೇಳು." ಓಣಿ ಕಡೀ ಮನಿ ಕಾಕಿ, ನೀವೆಲ್ಲಾ ಬಲ್ಲಿರಿ. ವಯಸ್ಸು ಎಂಬತ್ತ ದಾಟೇತಿ, ಕಣ್ಣು ಮಂಜು, ಬಾಯಿ ಮಾತ್ರ ಚುರುಕು. ಹ್ವಾದ ಸೋಮವಾರ ಹ್ವಾದೆ. ಒಣದ್ರಾಕ್ಷಿ ಆರಿಸಿಕೋತ ಕೂತಿದ್ರು. ವಿಷಯ ಹೇಳಿದೆ. "ಅಯ್ಯ, ನಂದ್ಯಾಕ ಬೇಕವಾ ನಿಮಗ, ಚಲೋ ಚಲೋ ಹಾಡಾವ್ರ ಅದಾರ" ಅಂದ್ರು. ಒತ್ತಾಯ ಮಾಡಿದೆ. ಫೋನು ದ್ರಾಕ್ಷಿ ಬುಟ್ಟಿ ಅಂಚಿಗೆ ಆನಿಸಿ ಗುಂಡಿ ಒತ್ತಿದೆ.

ಕಾಕಿ ಹಾಡಿದ್ರು. ನಡುವ ಎರಡ ಸಲ ಕೆಮ್ಮಿದ್ರು, ಸೊಸಿ ಕುಕ್ಕರ್ ಮೂರ ಸೀಟಿ ಹೊಡೀತು. ಅಶ್ವಥ್ ಅವರ ಧಾಟಿ ಅಲ್ಲ, ಬ್ಯಾಂಡಿನ ಧಾಟಿ ಅಲ್ಲ, ಬೀಸೂ ಕಲ್ಲಿನ ಓಟ. ಎರಡನೇ ನುಡಿ ಬಂತು. ನಾ ಉಸರು ಬಿಗಿ ಹಿಡದೆ. ತೂತಿನ ಕೊಡ ಬರಲಿಲ್ಲ. ಅವರ ನುಡಿ ಇನ್ನೊಂದ, ಬೆಕ್ಕು ಮಾಳಿಗಿ ಮ್ಯಾಲ ಓಡಿ ಮಣ್ಣು ಉದರೂದು. ಅದನ್ನೂ ನಾ ಯಾವ ಪುಸ್ತಕದಾಗೂ ಕಂಡಿಲ್ಲ. ನಮ್ಮತ್ತಿ ಹಾಡೂ ನುಡಿ ನೆನಪೈತೇನ ಅಂತ ಕೇಳಿದೆ. "ಅದು ನಿಮ್ಮತ್ತಿದು. ಅಕಿದು ನಾ ಹೆಂಗ ಹಾಡಲಿ?" ಅಂದ್ರು.

ರಿಕಾರ್ಡಿಂಗ್ ನಾಕ ಮಿನಿಟಿನ ಮ್ಯಾಲ ಹನ್ನೊಂದ ಸೆಕೆಂಡು ಆಗೇತಿ. ಮಗಳಿಗೆ ಕಳಿಸೂ ಮುಂದ ಕಾಕಿ ತಡದ್ರು. "ಯಾರಂತ ತಿಳೀಬೇಕಲ್ಲ ಆ ಕಡೆಯವ್ರಿಗೆ? ಹೆಸರು ಹೇಳ್ಬೇಕೇನ?" ಅಂದ್ರು. ಹೇಳ್ರಿ ಅಂದೆ. ಮತ್ತ ಗುಂಡಿ ಒತ್ತಿದೆ. ತಮ್ಮ ಹೆಸರು ಹೇಳಿದ್ರು, ತವರೂರು ತಿಕೋಟಾ ಅಂದ್ರು, ಗಂಡನ ಹೆಸರಿನ ಹಂತೇಕ ಬಂದು ನಾಚಿಕೊಂಡು, "ಸಾಕ ಬಿಡು, ಕನಮಡಿ ಅಂದ್ರ ಸಾಕು" ಅಂತ ಫೋನಿನ ಮ್ಯಾಲ ಕೈ ಇಟ್ರು.